ಹೆಚ್ಚುವರಿ ಕಿಟ್ಟಿ

ಅವತ್ತು ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಕಿಟ್ಟಿಗೆ ಇಷ್ಟು ಹೊತ್ತಿಗೆ ಮದುವೆಯಾಗಿರುತ್ತಿತ್ತು. ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಅವನ ಮನೆಯಿಂದ ಹಾಲಿನ ಬೂತಿನವರೆಗೆ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ.

ಸಭೆ ನಡೆದದ್ದು ಜಯನಗರದ ಸುಮುಹೂರ್ತ ವಧೂವರ ವೇದಿಕೆಯಲ್ಲಿ. ವೇದಿಕೆಯ ಕಾರ್ಯದರ್ಶಿ ಅನಂತರಾಮು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಮದುವೆಗೆ ಬಂದ ಗಂಡುಗಳನ್ನು ಇವತ್ತಿಗೂ ಅವರು ಸಾಲಕ್ಕೆ ಅರ್ಜಿ ಹಾಕಿದವರನ್ನು ನೋಡುವಂತೆಯೇ ನೋಡುತ್ತಾರೆ. ವೇದಿಕೆಯ ಹಳೆಯ ಫೈಲುಗಳೆಲ್ಲ ಕಂಪ್ಯೂಟರಿಗೆ ಹೋಗಿ, ಮನೆಯವರೇ ಮೊಬೈಲಿನಲ್ಲಿ ಮಕ್ಕಳ ವಿವರ ತುಂಬುವ ವ್ಯವಸ್ಥೆ ಬಂದ ಮೇಲೆ ಒಂದು ಹೊಸ ಪೀಡೆ ಶುರುವಾಗಿತ್ತು. ಹುಡುಗಿ ಸಿಗದಿದ್ದರೆ ತಾಯಂದಿರು ಅದೇ ಹುಡುಗನನ್ನು ಸ್ವಲ್ಪ ತಿದ್ದಿ ಮತ್ತೊಮ್ಮೆ ಸೇರಿಸಿಬಿಡುತ್ತಿದ್ದರು.

ಅನಂತರಾಮು ಒಬ್ಬ ಹುಡುಗನ ಫೋಟೋವನ್ನು ಗೋಡೆಯ ಮೇಲೆ ತೋರಿಸಿ, "ನೋಡಿ ಇವನನ್ನ. ಮೊದಲ ಸಲ ಐದಡಿ ಐದಿಂಚು ಇದ್ದ. ಎರಡನೇ ಸಲ ಐದಡಿ ಏಳು. ಈಗ ಐದಡಿ ಒಂಬತ್ತು. ಬೆಳೀತಾನೇ ಇದಾನೆ! ವಯಸ್ಸು ಮಾತ್ರ ವರ್ಷ ವರ್ಷ ಕಮ್ಮಿ ಆಗ್ತಿದೆ. ಇದಕ್ಕೇನಾದ್ರೂ ಔಷಧಿ ಇದೆಯಾ ಯಾರ ಹತ್ರಾನಾದ್ರೂ?" ಎಂದು ಕೇಳಿದರು.

ಹಿಂದಿನ ಸಾಲಿನಲ್ಲಿ ತಾಯಿ ವಾರಿಜಾ ಅವರ ಪಕ್ಕದಲ್ಲಿ ಕೂತಿದ್ದ ಕಿಟ್ಟಿ ಎದ್ದು ನಿಂತ. "ಅದೇನ್ ದೊಡ್ಡ ವಿಷಯ ಸಾರ್? ಡೇಟಾಬೇಸಲ್ಲಿ ಒಂದು ಯೂನಿಕ್ ಹಾಕಿದ್ರೆ ಮುಗೀತು. ಒಂದು ಸಲ ಬಂದವನು ಎರಡನೇ ಸಲ ಬರೋಕೇ ಆಗಲ್ಲ."

ಅವನು ಈ ಮಾತು ಹೇಳಿದ್ದು ಅನಂತರಾಮು ಅವರಿಗಲ್ಲ. ಮುಂದಿನ ಸಾಲಿನಲ್ಲಿ ಕೋಣನಕುಂಟೆಯ ಇಂದ್ರಾಣಿಯವರು ಕೂತಿದ್ದರು. ಅವರ ಮಗಳು ಇಂಚರ, ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಕಿಟ್ಟಿಗೂ ಇಂಚರಾಗೂ ಜಾತಕ ಕೂಡಿ, ಮುಂದಿನ ತಿಂಗಳು ನಿಶ್ಚಿತಾರ್ಥವೆಂದು ನಿಗದಿಯಾಗಿ, ಛತ್ರವೂ ಬುಕ್ ಆಗಿತ್ತು. ಹುಡುಗ ಹುಡುಗಿ ಒಮ್ಮೆ ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲಿನಲ್ಲಿ ಭೇಟಿಯಾಗಿದ್ದರು. ಅವತ್ತು ಇಂಚರ ಮಾತಿನ ಮಧ್ಯೆ ಕಿಟ್ಟಿಯ ತಟ್ಟೆಯಿಂದ ಚಟ್ನಿ ಬಟ್ಟಲನ್ನು ಕೇಳದೇ ತನ್ನ ಕಡೆಗೆ ಎಳೆದುಕೊಂಡಿದ್ದಳು. ತನ್ನ ತಟ್ಟೆಯ ಮೇಲೆ ಇನ್ನೊಬ್ಬರು ಹಕ್ಕು ಚಲಾಯಿಸಿದ್ದು ಕಿಟ್ಟಿಗೆ ಜೀವನದಲ್ಲಿ ಅದೇ ಮೊದಲು. ಮನೆಗೆ ಬಂದವನು ಊಟ ಬೇಡವೆಂದು ಹೇಳಿ ಬಾಲ್ಕನಿಯಲ್ಲಿ ನಿಂತುಬಿಟ್ಟಿದ್ದ.

ಇಂದ್ರಾಣಿಯವರು ತಿರುಗಿ ನೋಡಿ, "ಹುಡುಗಂಗೆ ಡೇಟಾಬೇಸೂ ಬರತ್ತಾ?" ಎಂದರು.

"ಆಫೀಸಲ್ಲಿ ಎಲ್ಲಾ ಇವನೇ," ಎಂದರು ವಾರಿಜಾ.

ಆಫೀಸಿನಲ್ಲಿ ಕಿಟ್ಟಿಯ ಕೆಲಸವೇನೆಂದರೆ, ವೆಬ್ ಪುಟದ ಬಟನ್‌ಗಳ ಮೂಲೆಯನ್ನು ದುಂಡಗೆ ಮಾಡುವುದು. ಮ್ಯಾನೇಜರಿಗೆ ಹಿಡಿಸದಿದ್ದರೆ ಮತ್ತೆ ಚೌಕ ಮಾಡುವುದು. ಡೇಟಾಬೇಸನ್ನು ಅವನು ದೂರದಿಂದ ನೋಡಿದ್ದ. ಆದರೆ ಭಾವೀ ಅತ್ತೆ ತಿರುಗಿ ನೋಡಿದ ಮೇಲೆ ಹಿಂದೆ ಸರಿಯುವ ಗಂಡಸು ಯಾವನಿದ್ದಾನೆ? ಅನಂತರಾಮು ಅಲ್ಲೇ ಪಾಸ್‌ವರ್ಡ್ ಬರೆದುಕೊಟ್ಟರು.

ವೇದಿಕೆಯ ಡೇಟಾಬೇಸಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಾಲು. ಆ ಸಾಲಿನಲ್ಲಿ ಅವರ ಸಮಸ್ತವನ್ನೂ ಸುತ್ತಿಟ್ಟ ಒಂದು ದೊಡ್ಡ ಗಂಟು. ಇಂಥ ಗಂಟಿಗೆ ಕಂಪ್ಯೂಟರಿನವರು ಜೇಸನ್ ಎನ್ನುತ್ತಾರೆ. ಹೆಸರು, ಗೋತ್ರ, ಎತ್ತರ, ಸಂಬಳ, ಸೊಸೆ ಹೇಗಿರಬೇಕೆಂದು ತಾಯಿ ಬರೆದ ಪ್ರಬಂಧ, ಇಷ್ಟರ ಮೇಲೆ ಇಡೀ ಜಾತಕ: ಕುಂಡಲಿ, ನವಾಂಶ, ನೂರಿಪ್ಪತ್ತು ವರ್ಷದ ದಶಾಭುಕ್ತಿ. ಕಿಟ್ಟಿ ಕೂತು, ಒಂದೇ ಗಂಟು ಎರಡು ಸಲ ಬರಕೂಡದು ಎಂದು ಡೇಟಾಬೇಸಿಗೆ ಅಪ್ಪಣೆ ಮಾಡಿದ. ಹೋಲಿಸಿ ನೋಡಬೇಕಾದರೆ ಗಂಟನ್ನು ನನ್ನ ಸೂಚಿಪಟ್ಟಿಯಲ್ಲಿ ಇಟ್ಟುಕೊಳ್ಳಬೇಕು, ಇಷ್ಟು ದೊಡ್ಡದು ಅಲ್ಲಿ ಹಿಡಿಸುವುದಿಲ್ಲ ಎಂದು ಅದು ಕೆಂಪಕ್ಷರದಲ್ಲಿ ಉತ್ತರ ಕೊಟ್ಟಿತು. ಕಿಟ್ಟಿ ಮತ್ತೆ ಅಪ್ಪಣೆ ಮಾಡಿದ. ಅದು ಮತ್ತೆ ಅದೇ ಹೇಳಿತು. ಅಪ್ಪಣೆ ಮಾಡಿ ಮಾಡಿ ಸಾಕಾಗಿ ಅವನು ಬಿಟಿಎಂ ಲೇಔಟಿಗೆ ಹೋದ.

ಅಲ್ಲಿ ಪಿಜಿಯಲ್ಲಿ ಅವನ ಸಹೋದ್ಯೋಗಿ ಮುತ್ತುರಾಜ ಇದ್ದ. ಗದಗದ ಕಡೆಯವನು, ಡೇಟಾಬೇಸ್ ನಿಜವಾಗಿ ಬಲ್ಲವನು. ಪಿಜಿಯ ಕೆಳಗಿನ ಚಹಾದಂಗಡಿಯಲ್ಲಿ ಕಿಟ್ಟಿಯ ಗೋಳು ಕೇಳಿದ.

"ಅಷ್ಟ ದೊಡ್ಡದು ಹೆಂಗ ಹಿಡಸ್ತೈತೋ? ಹ್ಯಾಶ್ ಮಾಡು. ಗಂಟು ಎಷ್ಟ ದೊಡ್ಡದಿದ್ರೂ ಅದರದೊಂದು ಸಣ್ಣ ಬೆರಳಚ್ಚು ಬರ್ತೈತಿ. ಆ ಬೆರಳಚ್ಚಿನ ಮ್ಯಾಲೆ ಯೂನಿಕ್ ಹಾಕು, ಮುಗೀತು."

ಕಿಟ್ಟಿ ಹಾಗೆಯೇ ಮಾಡಿದ. ಪರೀಕ್ಷೆಗೆಂದು ಆ ಬೆಳೆಯುವ ಹುಡುಗನನ್ನೇ ಒಂದಿಂಚು ಹೆಚ್ಚಿಸಿ ಸೇರಿಸಿದ. ಡೇಟಾಬೇಸ್ ಸಂತೋಷದಿಂದ ಸೇರಿಸಿಕೊಂಡಿತು. ಕಿಟ್ಟಿ ಮತ್ತೆ ಚಹಾದಂಗಡಿಗೆ ಓಡಿದ.

"ಒಂದು ಸ್ಪೇಸ್ ಬದಲಾದ್ರೂ ಬೆರಳಚ್ಚು ಬದಲಾಗ್ತೈತಿ," ಎಂದ ಮುತ್ತುರಾಜ. "ಬದಲಾಗೂದನ್ನೆಲ್ಲಾ ತಗದು ಬಿಡು. ಎಂದೂ ಬದಲಾಗದಿದ್ದದ್ದು ಏನೈತಿ, ಅದನ್ನಷ್ಟ ಹ್ಯಾಶ್ ಮಾಡು. ಆದ್ರ ಅದು ಯಾವುದು ಅಂತ ಮೊದಲ ಆ ಮಂದೀನ ಕೇಳು. ನೀನ ಠರಾಯಿಸಬ್ಯಾಡ."

"ಕೇಳೋದೇನು ಗುರು, ನಾನೇ ಅವರಲ್ಲೊಬ್ಬ ಅಲ್ವಾ?" ಎಂದು ಕಿಟ್ಟಿ ಬಸ್ ಹತ್ತಿದ.

ಬಸ್ಸಿನಲ್ಲಿ ಕೂತು ಯೋಚಿಸಿದ. ಸಂಬಳ ಬದಲಾಗುತ್ತದೆ, ತೆಗೆ. ಎತ್ತರ ಬದಲಾಗುವುದನ್ನು ಕಣ್ಣಾರೆ ಕಂಡಾಗಿದೆ, ತೆಗೆ. ಫೋಟೋದ ಮಾತೇ ಬೇಡ. ಹೆಸರಿಗೂ ಈಗ ಸಂಖ್ಯಾಶಾಸ್ತ್ರದವರು ಎರಡು ಅಕ್ಷರ ಜಾಸ್ತಿ ಮಾಡಿಕೊಡುತ್ತಾರೆ, ತೆಗೆ. ಮನುಷ್ಯನ ಜೀವನದಲ್ಲಿ ಎಂದೂ ಬದಲಾಗದ, ಬ್ರಹ್ಮ ಬಂದರೂ ತಿದ್ದಲಾಗದ ಸಂಗತಿ ಒಂದೇ. ಜಾತಕ! ಕಿಟ್ಟಿಗೆ ರೋಮಾಂಚನವಾಗಿ ಇಳಿಯಬೇಕಾದ ಸ್ಟಾಪು ದಾಟಿಹೋಯಿತು. ಅವನ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ನಮ್ಮ ಜನರ ಮೇಲೆ ಅವನಿಟ್ಟಿದ್ದ ನಂಬಿಕೆಯಲ್ಲಿ.

ಜಾತಕದ ಬೆರಳಚ್ಚಿನ ಮೇಲೆ ನಿಯಮ ಹಾಕುವ ಮುಂಚೆ ಈಗಾಗಲೇ ಇರುವ ನಕಲುಗಳನ್ನು ತೆಗೆಯಬೇಕಿತ್ತು. ಯಾವುದನ್ನು ಉಳಿಸುವುದು? ಮೊದಲು ಸೇರಿದ್ದು ಮೂಲ, ಆಮೇಲೆ ಬಂದದ್ದೆಲ್ಲ ನಕಲು ಎಂದು ಕಿಟ್ಟಿ ತೀರ್ಪು ಕೊಟ್ಟ. ತೆಗೆದವರ ಮನೆಗೆ ತಾನಾಗಿಯೇ ಹೋಗುವಂತೆ ಒಂದು ವಾಟ್ಸಾಪ್ ಸಂದೇಶವನ್ನೂ ಬರೆದ. ಅದರ ಶುದ್ಧ ಕನ್ನಡದ ಬಗ್ಗೆ ಅವನಿಗೆ ಬಹಳ ಹೆಮ್ಮೆಯಿತ್ತು. ಶನಿವಾರ ರಾಹುಕಾಲ ಕಳೆದ ಮೇಲೆ ಒತ್ತಯ್ಯ ಎಂದು ಅನಂತರಾಮು ಹೇಳಿದ್ದರಿಂದ, ಕಳೆಯುವುದನ್ನೇ ಕಾದಿದ್ದು ಒತ್ತಿದ.

ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅನಂತರಾಮು ಅವರ ಫೋನ್ ಬಂತು.

"ಕಿಟ್ಟಿ, ಏನಯ್ಯಾ ಮಾಡ್ದೆ?"

"ಎಲ್ಲಾ ಕ್ಲೀನ್ ಆಯ್ತಾ ಸಾರ್?"

"ಕ್ಲೀನೇ ಆಯ್ತು! ಬೆಳಗ್ಗೆ ಇಡೀ ಸಮಾಜದ ಗಂಡುಗಳಿದ್ರು. ಈಗ ನೋಡಿದ್ರೆ ಒಂದು ಪಂಕ್ತಿಗೆ ಆಗೋಷ್ಟೂ ಇಲ್ಲ. ಹೆಣ್ಣುಮಕ್ಕಳು ಅದಕ್ಕಿಂತ ಕಮ್ಮಿ."

"ಅಷ್ಟೊಂದು ಡೂಪ್ಲಿಕೇಟ್ ಇತ್ತಾ ಸಾರ್!" ಎಂದು ಕಿಟ್ಟಿ ಎದೆಯುಬ್ಬಿಸಿದ. ಇದನ್ನು ಇಂದ್ರಾಣಿಯವರಿಗೆ ಯಾರ ಬಾಯಿಂದ ಹೇಳಿಸಿದರೆ ಚೆನ್ನ ಎಂದು ಅವನು ಯೋಚಿಸುತ್ತಿರುವಾಗಲೇ ವಾರಿಜಾ ಮೊಬೈಲ್ ಹಿಡಿದು ಬಂದರು.

"ಏನೋ ಇದು? ನೀನು ಮಯೂರ್ ಅಂತೆ."

ಕಿಟ್ಟಿ ಓದಿದ. "ಮಾನ್ಯರೇ, ತಮ್ಮ ಸುಪುತ್ರ ಚಿ. ಕೃಷ್ಣಮೂರ್ತಿ ಅವರು ಈಗಾಗಲೇ ಚಿ. ಮಯೂರ್ ಎಂಬ ಹೆಸರಿನಲ್ಲಿ ವೇದಿಕೆಯಲ್ಲಿ ಇರುತ್ತಾರೆ. ಆದ್ದರಿಂದ ಹೆಚ್ಚುವರಿಯಾಗಿರುವ ಚಿ. ಕೃಷ್ಣಮೂರ್ತಿ ಅವರನ್ನು ತೆಗೆದುಹಾಕಲಾಗಿದೆ. ತಮ್ಮ ಸಹಕಾರಕ್ಕೆ ಧನ್ಯವಾದಗಳು." ಅಕ್ಷರ ಅಕ್ಷರವೂ ಅವನದೇ.

ಮಯೂರ್ ಎಂದರೆ ಕೆಳಗಿನ ಮನೆಯ ಹುಡುಗ. ಇವರ ಮನೆಯ ಓನರ್ ಜಯದೇವಿಯವರ ಮಗ.

"ಅಮ್ಮಾ, ನನ್ನ ಜಾತಕ ಮಯೂರಂದು ಹೇಗಾಯ್ತು?"

ವಾರಿಜಾ ಕುಕ್ಕರಿನ ಕಡೆ ನೋಡಿದರು. ಅದು ಕೂಗಲಿಲ್ಲ. ಕೊನೆಗೆ ಬಾಯಿಬಿಟ್ಟರು. "ನಿಂಗೆ ಕುಜದೋಷ ಕಣೋ. ಮೂವತ್ತಾರು ಬೇರೆ ಆಯ್ತು. ಯಾರು ಹೆಣ್ಣು ಕೊಡ್ತಾರೆ? ಯಡಿಯೂರು ಜೋಯಿಸ್ರು ಸರಿ ಮಾಡಿಕೊಡ್ತಾರೆ ಅಂತ ಜಯದೇವಿಯವರೇ ಕರ್ಕೊಂಡು ಹೋಗಿದ್ರು."

"ಸರಿ ಮಾಡೋದು ಅಂದ್ರೆ?"

"ಒಳ್ಳೇ ದಿನ ನೋಡಿ ಹುಟ್ಟಿಸಿಕೊಡ್ತಾರೆ."

"ಆಧಾರಲ್ಲಿ ಬೇರೆ ತಾರೀಖು ಇದೆಯಲ್ಲಮ್ಮಾ!"

"ಅದು ಸ್ಕೂಲ್ ಡೇಟು ಅಂದ್ರೆ ಆಯ್ತು. ಯಾರು ಕೇಳ್ತಾರೆ?"

ನಿಜ, ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಒಬ್ಬೊಬ್ಬರೂ ಎರಡೆರಡು ಸಲ ಹುಟ್ಟಿದವರು. ಒಂದು ಸಲ ತಾಯಿಯ ಹೊಟ್ಟೆಯಿಂದ, ಇನ್ನೊಂದು ಸಲ ಒಂದನೇ ಕ್ಲಾಸಿಗೆ ಸೇರಿಸಿದ ಮೇಷ್ಟರ ಪೆನ್ನಿನಿಂದ. ಮೂರನೇ ಸಲ ಹುಟ್ಟಿದರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ಕಂಡುಕೊಂಡದ್ದು ಯಡಿಯೂರು ಜೋಯಿಸರ ಜಾಣತನ. ಕಿಟ್ಟಿಯೇನೋ ಇದನ್ನು ಮುಂಚೆಯೇ ಕಂಡುಹಿಡಿಯಬಹುದಿತ್ತು. ಆದರೆ ತನ್ನ ಜಾತಕವನ್ನು ತಾನೇ ತೆಗೆದು ನೋಡುವ ಗಂಡು ಇನ್ನೂ ನಮ್ಮ ಸಮಾಜದಲ್ಲಿ ಹುಟ್ಟಿಲ್ಲ, ಯಾವ ತಾರೀಖಿನಲ್ಲೂ.

ಮಧ್ಯಾಹ್ನ ವೇದಿಕೆಯ ಹಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಜೋಯಿಸರನ್ನೂ ಕರೆಸಿದ್ದರು. ಅನಂತರಾಮು ಕನ್ನಡಕ ಏರಿಸಿ, ತೆಗೆದುಹೋದ ಜಾತಕಗಳ ಪಟ್ಟಿ ನೋಡಿ, "ಅಂದ್ರೆ ನಮ್ಮ ಸಮಾಜದ ಗಂಡುಮಕ್ಕಳು ಬಹುಪಾಲು ಒಂದೇ ದಿನ, ಒಂದೇ ನಿಮಿಷಕ್ಕೆ, ಬೆಂಗಳೂರಲ್ಲೇ ಹುಟ್ಟಿದಾರೆ," ಎಂದರು.

"ಅಯ್ಯೋ, ಅವತ್ತು ಆ ನರ್ಸಮ್ಮನ ಪಾಡೇನು!" ಎಂದು ಮೂಲೆಯಿಂದ ಲಕ್ಷ್ಮಮ್ಮಜ್ಜಿ ಮರುಗಿದರು. ಅಜ್ಜಿಗೆ ಮದುವೆಯಾಗಬೇಕಾದ ಮೊಮ್ಮಕ್ಕಳಿರಲಿಲ್ಲವಾದ್ದರಿಂದ ಇಡೀ ಸಭೆಯಲ್ಲಿ ಅವರೊಬ್ಬರಿಗೇ ನಗು ಬಂತು.

ಜೋಯಿಸರು ಚೂರೂ ವಿಚಲಿತರಾಗಲಿಲ್ಲ. "ಗಂಡಿಗೊಂದು, ಹೆಣ್ಣಿಗೊಂದು, ಎರಡೇ ಜಾತಕ ಮಾಡಿರೋದು ನಾನು. ಒಂದಕ್ಕೊಂದು ಹೇಳಿ ಮಾಡಿಸಿದ್ದು. ಯಾರಿಗೆ ಯಾರನ್ನ ತಂದ್ರೂ ಕೂಡಬೇಕು, ಹಾಗಿದೆ. ಎಷ್ಟು ಸಂಸಾರ ನಡೀತಿದೆ ಅದರಿಂದ! ತಪ್ಪು ಅನ್ನೋರು ಎದ್ದು ನಿಂತು ಹೇಳಿ, ನಿಮ್ಮ ಮಕ್ಕಳ ನಿಜವಾದ ಜಾತಕ ಏನಿತ್ತು ಅಂತ ನಾನೂ ಹೇಳ್ತೀನಿ."

ಯಾರೂ ಎದ್ದು ನಿಲ್ಲಲಿಲ್ಲ. ಜೋಯಿಸರನ್ನು ಬೈದರೆ ತಾವು ಅವರ ಬಳಿ ಹೋಗಿದ್ದು ಬಯಲಾಗುತ್ತದೆ. ಬಂದ ಸಿಟ್ಟನ್ನು ಎಲ್ಲಿಯಾದರೂ ಇಳಿಸಬೇಕಲ್ಲ, ಎಲ್ಲರೂ ಕಿಟ್ಟಿಯ ಕಡೆ ತಿರುಗಿದರು.

"ನನ್ನ ಮಗಳು ಹೆಚ್ಚುವರಿನಾ? ಎಂಥಾ ಭಾಷೆ ಅದು!"

"ಮಾನ್ಯರೇ ಅಂತೆ. ಮಾನ ತೆಗೆದು ಮಾನ್ಯರೇ ಅಂತೆ!"

"ಇವನ್ಯಾರು ರೀ ತೆಗೆದುಹಾಕೋಕೆ? ಇವನೇನು ಯಮನಾ?"

ಗದ್ದಲದ ನಡುವೆ ಜಯದೇವಿ ಸೆರಗು ಸರಿಮಾಡಿಕೊಂಡು ಎದ್ದರು. "ನಮ್ಮ ಮಯೂರಂದು ತೆಗೆದಿಲ್ಲ. ಕಂಪ್ಯೂಟರೇ ಮೂಲ ಅಂತ ಹೇಳಿದೆ." ಮೊಟ್ಟಮೊದಲು ಜೋಯಿಸರ ಮನೆ ಪತ್ತೆಮಾಡಿದವರು ಅವರಾದ್ದರಿಂದ ಮಯೂರ್ ಎಲ್ಲರಿಗಿಂತ ಮೊದಲು ಸೇರಿದ್ದ, ಅಷ್ಟೇ. ಆದರೆ ಆ ಹೊತ್ತಿನಲ್ಲಿ ಅವರ ಮುಖದ ಮೇಲಿದ್ದ ಕಳೆ ನೋಡಿದರೆ ಯಾರಿಗೂ ಇದನ್ನು ಹೇಳುವ ಧೈರ್ಯ ಬರುತ್ತಿರಲಿಲ್ಲ.

ಅವರ ಹಿಂದೆಯೇ ಇಂದ್ರಾಣಿಯವರು ಎದ್ದರು. "ಹೆಣ್ಣುಮಕ್ಕಳಲ್ಲಿ ನಮ್ಮ ಇಂಚರಾದೇ ಮೂಲ. ಅದನ್ನೂ ತೆಗೆದಿಲ್ಲ."

ಇಂದ್ರಾಣಿಯವರು ಕಿಟ್ಟಿಯ ಕಡೆ ನೋಡಲಿಲ್ಲ. ಜೋಯಿಸರನ್ನು ಕೇಳಿದರು: "ಮೂಲ ಹುಡುಗಿಗೆ ನಕಲು ಹುಡುಗನ್ನ ಕೊಡಬಹುದಾ?"

ಜೋಯಿಸರು ಬೆರಳೆಣಿಸಿದರು. "ಕೂಡಿರೋದು ಜಾತಕ ತಾನೇ ಅಮ್ಮಾ? ಆ ಜಾತಕದ ಮೂಲ ಹುಡುಗ ಇಲ್ಲೇ ಇದಾನೆ. ಏನೂ ಬದಲಾಯಿಸಬೇಕಾಗಿಲ್ಲ. ನಿಶ್ಚಿತಾರ್ಥದ ದಿನ ಅದೇ, ಛತ್ರ ಅದೇ, ಅಡುಗೆಯವರೂ ಅವರೇ ಇರಲಿ. ಹುಡುಗನೊಬ್ಬ ಬೇರೆ, ಅಷ್ಟೇ."

"ಹೋಳಿಗೆ ಬದಲು ಚಿರೋಟಿ ಮಾಡಿಸಬಹುದಾ?" ಎಂದು ಜಯದೇವಿ ಕೇಳಿದರು.

ಕಿಟ್ಟಿ ತಡೆಯಲಾರದೆ ಕೂಗಿದ. "ಸಾರ್, ಮಯೂರ್ ಜಾತಕನೂ ಸುಳ್ಳೇ ಸಾರ್! ಎಲ್ಲರದ್ದೂ ಸುಳ್ಳು!"

ಅನಂತರಾಮು ಕನ್ನಡಕ ತೆಗೆದು ನಿಧಾನವಾಗಿ ಹೇಳಿದರು: "ಸುಳ್ಳು ಅಂತ ಕಂಪ್ಯೂಟರ್ ಹೇಳಿಲ್ಲವಲ್ಲಯ್ಯಾ. ನಿಂದು ನಕಲು ಅಂತ ಹೇಳಿದೆ. ಹೇಳಿಸಿದವನು ನೀನೇ."



ನಿಯಮ ತೆಗೆದುಬಿಡುತ್ತೇನೆ ಎಂದು ಕಿಟ್ಟಿ ಅಂಗಲಾಚಿದ. ಅನಂತರಾಮು ಒಪ್ಪಲಿಲ್ಲ, ಪಾಸ್‌ವರ್ಡನ್ನೇ ಬದಲಾಯಿಸಿದರು. ಉಳಿದ ಮನೆಯವರೆಲ್ಲ ಯಡಿಯೂರಿಗೆ ಹೋಗಿ, ಜೋಯಿಸರಿಂದ ಒಂದೊಂದು ನಿಮಿಷ ಹಿಂದೆ ಮುಂದೆ ಹುಟ್ಟಿಸಿಕೊಂಡು ಬಂದು, ವಾರ ಕಳೆಯುವುದರೊಳಗೆ ವೇದಿಕೆಯಲ್ಲಿ ಮೊದಲಿನಂತೆ ನೆಲೆಯಾದರು. ವಾರಿಜಾ ಕೂಡ ಹಣ್ಣು ಹಂಪಲು ಹಿಡಿದು ಹೋದರು. "ನಿಮ್ಮ ಮಗನಿಗೆ ಮಾತ್ರ ಮಾಡಿಕೊಡಲ್ಲ," ಎಂದು ಜೋಯಿಸರು ಬಾಗಿಲಿನಿಂದಲೇ ಕಳಿಸಿಬಿಟ್ಟರು.

ಆ ಇಡೀ ವಾರ ಕಿಟ್ಟಿ ಮೊಬೈಲ್ ಹಿಡಿದು ತನ್ನನ್ನು ತಾನೇ ವೇದಿಕೆಗೆ ಸೇರಿಸಲು ಹೆಣಗಿದ. ಮತ್ತೆ ಪಟ್ಟಿಯಲ್ಲಿ ಬಂದುಬಿಟ್ಟರೆ ಇಂದ್ರಾಣಿಯವರ ಮುಂದೆ ತಲೆಯೆತ್ತಿ ನಿಲ್ಲಬಹುದು, ಇಂಚರಾಳ ಮುಂದೆಯೂ. ಹೆಸರು ಬದಲಾಯಿಸಿ ಹಾಕಿದ. ಡೇಟಾಬೇಸ್ ಬೇಡವೆಂದಿತು. ಎತ್ತರ ಹೆಚ್ಚಿಸಿದ, ಸಂಬಳ ಹೆಚ್ಚಿಸಿದ, ನಗುತ್ತಿರುವ ಫೋಟೋ ಹಾಕಿದ. ಒಂದೊಂದು ಸಲವೂ, ನೀವು ಚಿ. ಮಯೂರ್ ಎಂಬ ಹೆಸರಿನಲ್ಲಿ ಈಗಾಗಲೇ ಇರುತ್ತೀರಿ ಎಂದು ಅದು ಶುದ್ಧ ಕನ್ನಡದಲ್ಲಿ ತಿಳಿಸಿತು. ಇವುಗಳಲ್ಲಿ ಯಾವುದನ್ನು ಬದಲಾಯಿಸಿದರೂ ನಡೆಯದಂತೆ ನೋಡಿಕೊಂಡವನು ತಾನೇ ಎಂಬುದು ನೆನಪಾದಾಗ ಅವನಿಗೆ ಅಳು ಬಂತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ಕೆಳಗಿನ ಮನೆಯಿಂದ ಜಯದೇವಿಯವರು, "ನೀರು ಸುಮ್ಮನೆ ಬಿಡಬೇಡಿ, ನೆಂಟರು ಬಂದಿದಾರೆ!" ಎಂದು ಕೂಗಿದರು.

ಕೊನೆಗೆ ವಾರಿಜಾ ಟ್ರಂಕಿನ ತಳದಿಂದ ತಾತ ಬರೆದಿಟ್ಟಿದ್ದ ನಿಜವಾದ ಜಾತಕ ತೆಗೆದುಕೊಟ್ಟರು. ಕುಜದೋಷ, ಮೂವತ್ತಾರು ವರ್ಷ, ಎಲ್ಲವನ್ನೂ ಕಿಟ್ಟಿ ಇದ್ದದ್ದು ಇದ್ದಂತೆ ತುಂಬಿದ. ಡೇಟಾಬೇಸ್ ತಕರಾರಿಲ್ಲದೆ ಸೇರಿಸಿಕೊಂಡಿತು. ಆಗ ಅವನಿಗೆ ಇಂಚರಾಗೆ ಫೋನ್ ಮಾಡುವ ಧೈರ್ಯ ಬಂತು.

ಅವಳು ಬಂದಳು. ಕೋಣನಕುಂಟೆ ಕ್ರಾಸಿನ ಮೆಟ್ರೋ ಸ್ಟೇಷನ್ನಿನ ಹತ್ತಿರ ಒಂದು ದರ್ಶಿನಿಯಲ್ಲಿ, ನಿಂತು ಕಾಫಿ ಕುಡಿಯುವ ಮೇಜಿನ ಎರಡು ಕಡೆ ಇಬ್ಬರೂ ನಿಂತರು. ಕಿಟ್ಟಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ತನ್ನ ವಯಸ್ಸು ಸುಳ್ಳು, ಜಾತಕ ಸುಳ್ಳು, ನಿಜವಾದದ್ದರಲ್ಲಿ ಕುಜದೋಷವಿದೆ.

ಇಂಚರ ಕಾಫಿ ಲೋಟ ಕೆಳಗಿಟ್ಟಳು. "ನಂಗೂ ಇದೆ. ಎರಡೂ ಕಡೆ ಇದ್ರೆ ದೋಷ ಇಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು."

ಕಿಟ್ಟಿ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡ. "ಅಂದ್ರೆ... ಅಂದ್ರೆ ನಿಜವಾದ ಜಾತಕಾನೇ ಕೂಡತ್ತೆ! ಇವತ್ತೇ ನಿಮ್ಮಮ್ಮಂಗೆ ಹೇಳೋಣ ರೀ!"

"ಅವತ್ತು ಸಭೆ ಮುಗಿದ ಮೇಲೆ ಹೇಳಿದ್ರೆ ನಾನೇ ಹೇಳ್ತಿದ್ದೆ. ಅಮ್ಮ ಎಷ್ಟು ಬೈದಿದ್ರೂ ಹೇಳ್ತಿದ್ದೆ. ನೀವು ಬರ್ತೀರಿ ಅಂತ ದಿನಾ ನೋಡ್ದೆ. ಒಂದು ಫೋನೂ ಇಲ್ಲ. ಏನ್ ಮಾಡ್ತಿದ್ರಿ?"

"ನನ್ನ ಎಂಟ್ರಿ ವಾಪಸ್ ಹಾಕೋಕೆ..." ಎಂದ ಕಿಟ್ಟಿ.

"ಮಯೂರ್ ಮನೆಗೆ ಬಂದ್ರು," ಎಂದಳು ಇಂಚರ. "ಜಾತಕದ ಮಾತೇ ಎತ್ತಲಿಲ್ಲ. ನಾನು ಕಾಲೇಜಿನ ಪೇಪರ್ ತಿದ್ದುತಾ ಕೂತಿದ್ದೆ. ಪಕ್ಕದಲ್ಲಿ ಕೂತು ಟೋಟಲ್ ಹಾಕಿಕೊಟ್ರು. ಎರಡು ಕಡೆ ತಪ್ಪು ಕೂಡಿದ್ರು, ಆದ್ರೂ ಪೂರ್ತಿ ಮುಗಿಯೋ ತನಕ ಕೂತಿದ್ರು. ಅದಕ್ಕೇ ಹೂಂ ಅಂದೆ."

ಪಕ್ಕದ ಮೇಜಿನವನು ಇಡ್ಲಿ ತಿನ್ನುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ. ಕಿಟ್ಟಿಗೆ ಅವನನ್ನು ಗದರಿಸುವ ಶಕ್ತಿಯೂ ಇರಲಿಲ್ಲ.

"ಈಗ ಸೇರಿಸ್ಕೊಳ್ತಾ ನಿಮ್ಮನ್ನ?" ಎಂದು ಇಂಚರ ಕೇಳಿದಳು.

"ಹೂಂ. ನಿಜವಾದ್ದು ಹಾಕಿದ ತಕ್ಷಣ ಸೇರಿಸ್ಕೊಳ್ತು. ಇಡೀ ವೇದಿಕೆಯಲ್ಲಿ ನನ್ನಂಥವನು ಇನ್ನೊಬ್ಬ ಇಲ್ವಂತೆ."

ಇಂಚರ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. "ಅದು ನಂಗೆ ಮೊದಲ ದಿನಾನೇ ಗೊತ್ತಾಗಿತ್ತು ಕಿಟ್ಟಿ. ನೀವು ನನ್ನ ಬಿಟ್ಟು ಕಂಪ್ಯೂಟರನ್ನ ಕೇಳೋಕೆ ಹೋದ್ರಿ," ಎಂದು ಹೇಳಿ, ನಿಶ್ಚಿತಾರ್ಥದ ಬ್ಲೌಸು ಇಸಿದುಕೊಳ್ಳಲು ಟೈಲರ್ ಅಂಗಡಿಗೆ ಹೋದಳು.